ಎಡಬಲದಮ್ಮನ ಹೂ

ಕೇಳಲೋ, ಬೇಡವೋ? ಕೆಂಪು ಕಣಗಿಲೆ ನನ್ನ ಬೆರಳುಗಳ ನಡುವೆ ಇತ್ತು. ಕಲ್ಲಿನ ತಲೆಯ ಮೇಲೆ ಇಟ್ಟು ಬಾಯಿ ಬಿಟ್ಟರೆ ಅದು ಬೀಳುತ್ತದೆ. ಬಿದ್ದ ಮೇಲೆ ಅದು ನನ್ನ ಅನುಮಾನವಾಗಿ ಉಳಿಯುವುದಿಲ್ಲ, ಎಡಬಲದಮ್ಮನ ತೀರ್ಮಾನವಾಗಿಬಿಡುತ್ತದೆ. ಅಪ್ಪ ಸತ್ತಾಗಿನಿಂದ ನಾನು ಹೂ ಮುಟ್ಟಿದವನಲ್ಲ. ಊರಿನವರು ನನ್ನನ್ನು ಗುರುತಿಸುವುದೇ ‘ಹೂ ಮುಟ್ಟದ ಬೀರೇಶ’ ಎಂದು. ಈಗ ಮುಟ್ಟಿ ನಿಂತಿದ್ದೇನೆ. ಕೇಳದೆ ಇದ್ದರೆ ಅವ್ವನ ಕಣ್ಣು ಹೋಗುತ್ತದೆ. ಕೇಳಿದರೆ, ಹೋಗಬೇಕೋ ಬೇಡವೋ ಎಂಬುದನ್ನು ಒಂದು ಕಲ್ಲು ಹೇಳುತ್ತದೆ.

“ಇಟ್ಯಾ?” ಹಿಂದಿನಿಂದ ಅವ್ವ ಕೇಳಿದಳು.

“ಇನ್ನೂ ಇಲ್ಲ.”

“ಇಡು ಮತ್ತೆ. ಹೂವಿಗೂ ಕೈ ಬಿಸಿ ತಾಕಿದ್ರೆ ಬಾಡ್ತದೆ.”

ನಮ್ಮೂರಿನಲ್ಲಿ ಪ್ರತಿ ಮನೆಯ ನಡುಮನೆಯಲ್ಲೂ ಒಂದು ಕರಿ ಕಲ್ಲಿದೆ, ಅದೇ ಎಡಬಲದಮ್ಮ. ತಲೆಯ ಮೇಲೆ ಹೂವಿಟ್ಟು ಕೇಳಿದರೆ, ಕೇಳಿದ ಮಾತು ಮುಗಿಯುವುದೇ ತಡ, ಹೂ ಜಾರುತ್ತದೆ. ಬಲಕ್ಕೆ ಬಿದ್ದರೆ ಮಾಡು, ಎಡಕ್ಕೆ ಬಿದ್ದರೆ ಬಿಡು. ಗಾಳಿ ಬೇಕಿಲ್ಲ, ಮಂತ್ರ ಬೇಕಿಲ್ಲ. ಬಲ ಎಂದರೆ ನಮ್ಮ ಬಲವೋ ಕಲ್ಲಿನ ಬಲವೋ ಎಂದು ಹಿಂದೆ ತಲೆ ಒಡೆದುಕೊಂಡಿದ್ದರಂತೆ. ಒಡೆಯದೆ ಉಳಿದ ತಲೆಗಳು ಸೇರಿ ನಮ್ಮ ಬಲವೇ ಬಲ ಎಂದು ಗೊತ್ತುಮಾಡಿದವು.

ಹೀಗಾಗಿ ನಮ್ಮವರು ಯಾವುದನ್ನೂ ಕೇಳದೆ ಮಾಡುವುದಿಲ್ಲ. ಉಪ್ಪಿನಕಾಯಿ ಇವತ್ತು ಹಾಕಲೇ, ಹಸುವನ್ನು ಕೆರೆಯ ಕಡೆ ಹೊಡೆಯಲೇ, ಬೀಗರಿಗೆ ಒಬ್ಬಟ್ಟು ಮಾಡಲೇ ಪಾಯಸ ಸಾಕೇ. ಬಸ್ಸಿನ ಡ್ರೈವರ್ ಮುಂದೆಯೂ ಒಂದು ಪುಟ್ಟ ಕಲ್ಲಿದೆ. ಹೊರಗಿನವರು ನಮ್ಮೂರ ಬಸ್ಸು ತಡ ಎಂದು ಬೈಯುತ್ತಾರೆ. ತಡವಲ್ಲ, ಎಡ ಬಿದ್ದಿರುತ್ತದೆ ಅಷ್ಟೆ. ಕ್ಷೌರದಂಗಡಿಯಲ್ಲಿ ಒಂದು ಕೆನ್ನೆ ಬೋಳಿಸಿಕೊಂಡು ಇನ್ನೊಂದಕ್ಕೆ ಕೇಳಿ, ಎಡ ಬಿದ್ದು, ಅರ್ಧ ಗಡ್ಡದಲ್ಲೇ ಮಗಳ ಧಾರೆ ಎರೆದ ಒಬ್ಬ ಮಹನೀಯರು ಇಂದಿಗೂ ಇದ್ದಾರೆ. ಅವರಿಗೆ ಊರಲ್ಲಿ ವಿಶೇಷ ಮರ್ಯಾದೆ. ಹೆಂಡತಿಗೆ ಹೊಡೆಯಲೇ ಎಂದು ಮಾತ್ರ ಯಾರೂ ಹೂವಿಟ್ಟದ್ದನ್ನು ನಾನು ಕಾಣೆ. ಕೇಳದೆ ಮಾಡುವ ಕೆಲಸಗಳು ಅಂತಲೂ ಕೆಲವು ಇರುತ್ತವೆ.

ಎಡ ಬಿದ್ದ ಮೇಲೂ ಮಾಡಿದರೆ ಏನಾಗುತ್ತದೆ ಎಂದು ಹೈಸ್ಕೂಲಿನಲ್ಲಿದ್ದಾಗ ನಾನು ಪೂಜಾರಿ ಮರಿಯಪ್ಪನನ್ನು ಕೇಳಿದ್ದೆ. ಊರ ದೊಡ್ಡ ಕಲ್ಲಿಗೆ ಪೂಜೆ ಮಾಡುವವನು ಅವನು.

“ಆಗಬಾರದ್ದು ಆಗ್ತದೆ.”

“ಯಾರಿಗಾದ್ರೂ ಆಗಿದ್ಯಾ?”

“ಯಾರಾದ್ರೂ ಮಾಡಿದ್ರೆ ತಾನೇನೋ ಆಗೋದು!” ಎಂದು ನನ್ನ ದಡ್ಡತನಕ್ಕೆ ನಕ್ಕಿದ್ದ.

ಅಪ್ಪನಿಗೆ ಎದೆನೋವು ಬಂದ ದಿನ ಆಟೋ ಬಾಗಿಲಿಗೆ ಬಂದು ನಿಂತಿತ್ತು. ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದೆ, ರಜೆಗೆಂದು ಬಂದಿದ್ದೆ. ಅಪ್ಪನನ್ನು ಎತ್ತಲು ಹೋದರೆ ಅವನು ನನ್ನ ಕೈ ತಳ್ಳಿ, “ಮೊದ್ಲು ಹೂ ಇಡು” ಎಂದ. ಇಟ್ಟೆ. ಆಸ್ಪತ್ರೆಗೆ ಕರೆದುಕೊಂಡು ಹೋಗಲೇ ಎಂದು ಕೇಳಿದೆ. ಎಡಕ್ಕೆ ಬಿತ್ತು. ಅಪ್ಪ ಅದನ್ನು ಮಲಗಿದಲ್ಲಿಂದಲೇ ನೋಡಿ, ಮಳೆ ಬರುತ್ತದೆಂದು ತಿಳಿದು ಒಣಗಿದ ಬಟ್ಟೆ ಒಳಗೆ ತರಲು ಹೇಳುವವನಂತೆ, “ಆಟೋ ಕಳ್ಸು” ಎಂದ. ಊಟದ ಹೊತ್ತಿಗೆ ಹೋಗಿಬಿಟ್ಟ. ಮಣ್ಣು ಮುಗಿಸಿ ಬಂದ ಮೇಲೆ ಮರಿಯಪ್ಪ ಜಗಲಿಯ ಮೇಲೆ ಕೂತು, “ನೋಡಿ, ದಾರೀಲಿ ಅನಾಥನಂಗೆ ಹೋಗೋ ಪ್ರಾಣ. ಹೆಂಡ್ತಿ ಮಕ್ಕಳ ಮುಂದೆ ಹೋಗ್ಲಿ ಅಂತ ಅಮ್ಮ ತಡೆದ್ಲು. ಅವಳ ಲೆಕ್ಕ ನಮಗೆ ತಿಳೀತದಾ?” ಎಂದ. ಎಲ್ಲರೂ ತಲೆಯಾಡಿಸಿದರು. ಆಟೋದವನೂ ಬಂದು ಕೂತಿದ್ದ, ಅವನೂ ತಲೆಯಾಡಿಸಿದ.

ಆದರೂ ಆ ಕಲ್ಲನ್ನು ಕಿತ್ತು ತಿಪ್ಪೆಗೆ ಎಸೆಯಬೇಕೆಂದು ನನಗೆ ಒಮ್ಮೆಯೂ ಅನ್ನಿಸಿಲ್ಲ. ಅದಕ್ಕೆ ಕಾರಣ ಇನ್ನೊಂದು ದಿನ. ಚಿಕ್ಕಂದಿನಲ್ಲಿ ನನಗೆ ವಿಷಮಶೀತಜ್ವರ ಬಂದಿತ್ತು. ಅರೆಗಣ್ಣಿನಲ್ಲಿ ನೋಡುತ್ತಿದ್ದೆ. ಅವ್ವ ಕಲ್ಲಿಗೆ ಹಣೆ ಒತ್ತಿ ಕೂತಿದ್ದಳು, ಕೈಯಲ್ಲಿ ಹೂವಿರಲಿಲ್ಲ. ಪಕ್ಕದ ಮನೆಯ ಸಾಕಮ್ಮ ಬುಟ್ಟಿ ತುಂಬ ಕಣಗಿಲೆ ತಂದು, “ಕೇಳೇ ನಿಂಗಾಜಿ, ಉಳೀತದೋ ಇಲ್ವೋ ತಿಳ್ಕೊಂಡ್ಬಿಡು” ಎಂದು ಒತ್ತಾಯಿಸುತ್ತಿದ್ದಳು. ಅವ್ವ, “ಕೇಳಲ್ಲ” ಎಂದಳು. ಉಪ್ಪಿನಕಾಯಿಗೆ ಕೇಳುವವಳು ಅದೊಂದನ್ನು ಕೇಳಲಿಲ್ಲ. ದಿನವಿಡೀ ಸುಮ್ಮನೆ ಕೂತಿದ್ದಳು, ಕಲ್ಲೂ ಸುಮ್ಮನಿತ್ತು. ಕಾಲೇಜಿನಲ್ಲಿ ನಾನು ತತ್ತ್ವಶಾಸ್ತ್ರ ಓದಿದೆ. ದೇವರ ಬಗ್ಗೆ ಸಾಕಷ್ಟು ವಾದಗಳನ್ನು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದೆ. ಅವ್ವ ಮತ್ತು ಕಲ್ಲು ಹಾಗೆ ಮಾತಿಲ್ಲದೆ ಕೂತದ್ದಕ್ಕೆ ಯಾವ ವಾದವೂ ಹೊಂದಲಿಲ್ಲ.

ಈಗ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಮೊದಲು ಅನ್ನದಲ್ಲಿ ಕಲ್ಲು ಸಿಗತೊಡಗಿತು. ನಾನು ಸದ್ದಾಗದಂತೆ ಅಗಿದು ನುಂಗುತ್ತಿದ್ದೆ. ಆಮೇಲೆ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ದಿನ ಒಲೆ ಹಚ್ಚುವಾಗ ಸೆರಗಿಗೆ ಕಿಡಿ ತಾಕಿ ಉರಿ ಹತ್ತಿತು. ನಾನು ಮನೆಪಾಠದ ಹುಡುಗರಿಗೆ ಕಾಗುಣಿತ ಹೇಳಿಕೊಡುತ್ತಾ ಜಗಲಿಯಲ್ಲೇ ಇದ್ದೆನಾದ್ದರಿಂದ ಉಳಿದಳು. ಮಾರನೆಯ ವಾರ ತಾಲ್ಲೂಕು ಊರಿನಲ್ಲಿ ಕಣ್ಣಿನ ಶಿಬಿರ ನಡೆಯಿತು. ‘ತೋರಿಸಲೇ’ ಎಂಬುದಕ್ಕೆ ಅವಳ ಹೂ ಬಲಕ್ಕೇ ಬಿದ್ದಿತ್ತು, ಕರೆದುಕೊಂಡು ಹೋದೆ.

ಡಾಕ್ಟರಮ್ಮ ದೀಪ ಹಿಡಿದು ನೋಡಿ, “ಪೊರೆ ಪೂರ್ತಿ ಬಲಿತಿದೆ ಅಜ್ಜಿ. ಒಂದೊಂದೇ ಕಣ್ಣು ಮಾಡೋಣ. ಇನ್ನೂ ಬಿಟ್ಟರೆ ಈ ಕಣ್ಣು ಆಮೇಲೆ ಮಾಡಿದರೂ ಬರಲ್ಲ. ಶುಕ್ರವಾರ ಬಂದುಬಿಡಿ” ಎಂದರು.

“ಅಮ್ಮನ್ನ ಕೇಳ್ಬಿಟ್ಟು ಬರ್ತೀನಿ ತಾಯಿ.”

ಡಾಕ್ಟರಮ್ಮ ಅವ್ವನ ಸುಕ್ಕುಗಟ್ಟಿದ ಮುಖವನ್ನೂ ನನ್ನನ್ನೂ ನೋಡಿ, “ನಿಮ್ಮ ಅಮ್ಮ ಇನ್ನೂ ಇದ್ದಾರಾ?” ಎಂದರು.

“ಎಲ್ಲೋಗ್ತಾಳೆ, ಮನೇಲೇ ಅವ್ಳೆ” ಎಂದಳು ಅವ್ವ.

ಮನೆಗೆ ಬಂದು ಕೈಕಾಲು ತೊಳೆದು ಹೂವಿಟ್ಟಳು. ಕಣ್ಣು ಕೊಯ್ಸಿಕೊಳ್ಳಲೇ ಎಂದು ಕೇಳಿದಳು. ಆಮೇಲೆ ನೆಲದ ಮೇಲೆ ಕೈಯಾಡಿಸಿದಳು, ಮೊದಲು ಬಲಗಡೆ, ಗೋಡೆಯವರೆಗೂ. ಅಲ್ಲಿ ಇರಲಿಲ್ಲ. ಎಡಗಡೆ ಬೆರಳಿಗೆ ಸಿಕ್ಕಿತು. “ಎಡ” ಎಂದಳು, ಸಾರಿಗೆ ಉಪ್ಪು ಕಡಿಮೆ ಎನ್ನುವಂತೆ. ಎದ್ದು ಹೋಗಿ ಮೊರ ತೆಗೆದುಕೊಂಡು, ಕಾಣದ ಅಕ್ಕಿಯಲ್ಲಿ ಕಾಣದ ಕಲ್ಲು ಆರಿಸುತ್ತಾ ಕೂತಳು.

ಒಬ್ಬರು ಒಂದು ಮಾತನ್ನು ಒಂದೇ ಸಲ ಕೇಳಬಹುದು. ಆದರೆ ಹೆತ್ತವರಿಗಾಗಿ ಮಕ್ಕಳು, ಮಕ್ಕಳಿಗಾಗಿ ಹೆತ್ತವರು ಇನ್ನೊಂದು ಸಲ ಕೇಳಬಹುದು. ಅದಕ್ಕೆ ಬದಲಿ ಹೂ ಎನ್ನುತ್ತಾರೆ. ಬದಲಿ ಹೂವಿಗೆ ಕಟ್ಟುಪಾಡು ಜಾಸ್ತಿ. ಬಾಗಿಲು ಹಾಕಿಕೊಳ್ಳಬೇಕು, ಮೂರನೆಯವರು ಇರಬಾರದು, ಯಾರಿಗಾಗಿ ಕೇಳುತ್ತಾರೋ ಅವರು ಕಣ್ಣು ಮುಚ್ಚಿರಬೇಕು, ಹೂವನ್ನು ಮುಟ್ಟಬಾರದು. ಕೇಳಿದವನೇ ನೋಡಿ, ಹೂ ಎತ್ತಿಕೊಂಡು, ಎತ್ತ ಬಿತ್ತೆಂದು ಹೇಳಬೇಕು. ಅಪ್ಪನ ದಿನ ನಾನು ಇಟ್ಟದ್ದು ಅವನು ಇಡಿಸಿದ ಅವನದೇ ಹೂ, ಬದಲಿ ಹೂ ಇಡುವಷ್ಟು ಹೊತ್ತು ಸಿಕ್ಕಿರಲಿಲ್ಲ. ಅವ್ವನಿಗೆ ಶುಕ್ರವಾರದವರೆಗೆ ಹೊತ್ತಿತ್ತು, ಮಗನೂ ಒಬ್ಬನಿದ್ದ.

“ಏ ಬೀರೇಶ, ನಿನ್ ಓದು ನಿನ್ ತಲೇಲಿರ್ಲಿ, ಅವ್ವನ ಕಣ್ಣು ಅವಳ ಮುಖದಲ್ಲಿರ್ಲಿ” ಎಂದು ಸಾಕಮ್ಮ ಗೋಡೆಯ ಆಚೆಯಿಂದಲೇ ಶುರುಮಾಡಿದಳು. “ಒಂದ್ ಹೂ ಇಟ್ರೆ ನಿನ್ ಗಂಟೇನ್ ಹೋಗ್ತದೆ?”

“ಇಡದೆನೇ ಕರ್ಕೊಂಡ್ ಹೋಗ್ತೀನಿ ಸಾಕಮ್ಮತ್ತೆ. ಅವಳೇ ಬರಲ್ಲ ಅಂತಾಳೆ.”

“ಹೆಂಗ್ ಬಂದಾಳು? ಅಮ್ಮ ಬೇಡ ಅಂದ್ ಕಣ್ಣಲ್ಲಿ ಏನ್ ನೋಡಾಳು, ನಿನ್ ಮುಖಾನ?”

ಮರಿಯಪ್ಪನೂ ಬಂದ. ಹೂ ಮುಟ್ಟದವನು ಹೂ ಮುಟ್ಟುವುದೆಂದರೆ ಅವನಿಗೆ ಹಬ್ಬ. “ಇಷ್ಟ್ ವರ್ಷ ಆದ್ಮೇಲೆ ಅಮ್ಮನ ಮುಂದೆ ನಿಂತ್ಕೊಳ್ತೀಯ, ಮುನಿಸ್ಕೊಂಡಿರ್ತಾಳೆ. ಮೊದ್ಲು ತಪ್ಪಾಯ್ತು ಅನ್ನು.”

“ಯಾರ್ದು?”

“ನಿನ್ನನ್ನ ಬಿ.ಎ. ಓದ್ಸಿದ್ದೇ ತಪ್ಪು. ನಿಮ್ಮಪ್ಪಂಗೆ ಅವತ್ತೇ ಹೇಳ್ದೆ.”

“ಅದಕ್ಕೆ ಹೂ ಬಲಕ್ಕೆ ಬಿದ್ದಿತ್ತು ಪೂಜಾರಪ್ಪ.”

ಮರಿಯಪ್ಪ ಹೆಗಲ ಮೇಲಿನ ಟವೆಲನ್ನು ಒಮ್ಮೆ ಕೊಡವಿ ಜಗಲಿಗೆ ಹೋಗಿ ಕೂತ. ಸಾಕಮ್ಮನೂ ಅಲ್ಲೇ ಕೂತಳು. ನಾನು ಬಾಗಿಲು ಹಾಕಿದೆ.

ಅವ್ವ ಕಣ್ಣು ಮುಚ್ಚಿದಳು. ಮುಚ್ಚಿದ್ದಕ್ಕೂ ತೆರೆದದ್ದಕ್ಕೂ ಅವಳಿಗೆ ಅಂಥ ವ್ಯತ್ಯಾಸವಿರಲಿಲ್ಲ, ಆದರೂ ಕಟ್ಟುಪಾಡು ಕಟ್ಟುಪಾಡೇ. ನಾನು ಹೂವನ್ನು ಕಲ್ಲಿನ ತಲೆಯ ಮೇಲೆ ಇಟ್ಟೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿತು: “ಅವ್ವನ ಕಣ್ಣು ಕೊಯ್ಸಲೇ?”

ಎಡಕ್ಕೆ ಬಿತ್ತು. ಕಲ್ಲಿನ ಭುಜಕ್ಕೆ ಒಮ್ಮೆ ತಾಕಿ, ಅಪ್ಪನ ದಿನ ಬಿದ್ದ ಜಾಗದಲ್ಲೇ ಹೋಗಿ ಕೂತಿತು.

ನಾನು ಅದನ್ನೇ ನೋಡುತ್ತಾ ನಿಂತೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಒಂದು ವಿಷಯ ನಿಧಾನವಾಗಿ ತಲೆಗೆ ಇಳಿಯುತ್ತಿತ್ತು. ನಮ್ಮೂರಿನವರು ಹಾಲಿಗೆ ನೀರು ಬೆರೆಸುತ್ತಾರೆ, ಹೆಣ್ಣಿನ ವಯಸ್ಸು ಮುಚ್ಚಿಡುತ್ತಾರೆ, ಕೋರ್ಟಿನಲ್ಲಿ ಸತ್ತವರ ಮೇಲೆ ಆಣೆ ಇಟ್ಟು ಸುಳ್ಳು ಸಾಕ್ಷಿ ಹೇಳುತ್ತಾರೆ. ಆದರೆ ಹೂವಿನ ವಿಷಯದಲ್ಲಿ ಇದುವರೆಗೆ ಯಾರೂ ಸುಳ್ಳು ಹೇಳಿದ್ದಿಲ್ಲ. ಹೇಳಬಾರದೆಂಬ ಕಟ್ಟುಪಾಡೇನೂ ಇರಲಿಲ್ಲ. ಇಷ್ಟೊಂದು ಕಟ್ಟುಪಾಡುಗಳನ್ನು ಮಾಡಿದ ಹಿರಿಯರಿಗೆ ಅದೊಂದು ಹೊಳೆದಿರಲಿಲ್ಲ. ಹೇಳಬಹುದೆಂದು ಕಿರಿಯರಿಗೂ ಹೊಳೆದಿರಲಿಲ್ಲ.

“ಬಿತ್ತಾ?”

“ಬಿತ್ತು.”

“ಎತ್ತ?”

ಜಗಲಿಯಲ್ಲಿ ಮರಿಯಪ್ಪ ಕೆಮ್ಮಿದ. ಕೆಮ್ಮು ಮುಗಿಯುವವರೆಗೆ ಕಾದೆ.

“ಬಲಕ್ಕೆ.”

ಅವ್ವ ಕಣ್ಣು ತೆರೆಯಲಿಲ್ಲ. “ಸರಿಯಾಗ್ ನೋಡ್ದ್ಯಾ?”

“ನನ್ ಕಣ್ಣು ಸರಿಗವೆ ಅವ್ವ.”

“ಮತ್ತೆ ನಂಗ್ಯಾಕ್ ಎಡ ಕೊಟ್ಲು?”

“ಕೇಳೋವಾಗ ಏನಾದ್ರೂ ಹೆಚ್ಚುಕಮ್ಮಿ ಆಗಿರ್ಬೇಕು. ಕೈ ತೊಳ್ದಿದ್ಯಾ?”

“ತೊಳ್ದಿದ್ದೆ ಕಣೋ. ಸೋಪಿರ್ಲಿಲ್ಲ.”

“ಅದೇ ಮತ್ತೆ.”

ಅಷ್ಟು ಸಾಕಾಯಿತು. ಅಮ್ಮನ ಎರಡು ಮಾತು ಒಂದಕ್ಕೊಂದು ಹೊಂದದಿದ್ದರೆ ತಪ್ಪು ಕೇಳಿದವರದ್ದು ಎಂಬುದನ್ನು ನಮ್ಮೂರಿನಲ್ಲಿ ಎದೆಹಾಲಿನ ಜೊತೆಗೇ ಕುಡಿಸುತ್ತಾರೆ. ನಾನು ಹೂವನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದು ಬಾಗಿಲು ತೆರೆದೆ. “ಬಲ” ಎಂದದ್ದೇ ತಡ, ಸಾಕಮ್ಮ ಅಲ್ಲೇ ಅಡ್ಡಬಿದ್ದಳು, ನನಗೋ ಕಲ್ಲಿಗೋ ಗೊತ್ತಾಗಲಿಲ್ಲ.

ಶುಕ್ರವಾರ ಆಸ್ಪತ್ರೆಯಲ್ಲಿ ಅವ್ವನನ್ನು ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಾಗ ನನ್ನ ತತ್ತ್ವಶಾಸ್ತ್ರವೂ ಅವಳ ಜೊತೆ ಒಳಗೆ ಹೋಯಿತು. ಆಗಬಾರದ್ದು ಆಗ್ತದೆ, ಯಾರಾದರೂ ಮಾಡಿದರೆ ತಾನೇ ಆಗೋದು. ಮಾಡಿದವನು ನಾನು; ಆಗುವುದು ಅವಳ ಕಣ್ಣಿಗೆ. ನಂಬದವನಿಗೆ ಭಯವಿಲ್ಲ ಎನ್ನುವವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತವರಲ್ಲ. ಎದುರಿನ ಗೋಡೆಗೆ ಹಸಿರು ಬಣ್ಣ ಬಳಿದಿದ್ದರು. ಎದ್ದು ಹೋಗಿ ಅದಕ್ಕೆ ಹಣೆ ಒತ್ತಿ ನಿಂತೆ. ಏನನ್ನೂ ಕೇಳಲಿಲ್ಲ, ಏನನ್ನೂ ಬೇಡಲಿಲ್ಲ. ಗೋಡೆ ತಣ್ಣಗಿತ್ತು. ಆಯಾ ಬಂದು, “ಬಣ್ಣ ಹಸಿ ಐತೆ ಸಾರ್” ಎಂದಳು. ಹಣೆಯ ಮೇಲಿನ ಹಸಿರು ಎರಡು ದಿನ ಹೋಗಲಿಲ್ಲ.

ಪಟ್ಟಿ ಬಿಚ್ಚಿದ ದಿನ ಅವ್ವ ಮೊದಲು ನೋಡಿದ್ದು ನನ್ನನ್ನು. “ಥೂ, ಇದೇನೋ! ತಲೆಯೆಲ್ಲಾ ಬೆಳ್ಳಗಾಗ್ಬಿಟ್ಟದೆ! ಯಾವಾಗಾಯ್ತು?” ಎಂದಳು. ಮನೆಗೆ ಬಂದು ಬಲೆ, ಮಸಿ, ಹಂಚಿನ ಸಂದಿಯ ಗುಬ್ಬಿಗೂಡು ಎಲ್ಲವನ್ನೂ ಒಂದು ಕಣ್ಣಿನಲ್ಲೇ ನೋಡಿ, “ಈ ಮನೇಲಿ ಮನುಷ್ಯರಿದ್ರಾ?” ಎಂದು ಬೈದಳು. ಕಲ್ಲಿನ ಮೇಲೆ ವರ್ಷಗಳ ಎಣ್ಣೆ ಜಿಡ್ಡುಗಟ್ಟಿತ್ತು. ಸೀಗೆಪುಡಿ ಹಾಕಿ ತಿಕ್ಕಿ ತೊಳೆದಳು, ಶಾಲೆಯಿಂದ ಬಂದ ಮಗುವಿನ ಮುಖ ತೊಳೆಸುವ ಹಾಗೆ. ಅಂದು ಅನ್ನದಲ್ಲಿ ಕಲ್ಲಿರಲಿಲ್ಲ.

ಮರಿಯಪ್ಪ ಅವಳನ್ನು ದೊಡ್ಡ ಕಲ್ಲಿನ ಮುಂದೆ ಕರೆದುಕೊಂಡು ಹೋಗಿ, ದೂರದ ಅಂಗಡಿಯ ಬೋರ್ಡಿನ ಮೇಲೆ ಯಾವ ಹಣ್ಣಿನ ಚಿತ್ರವಿದೆಯೆಂದು ಎಲ್ಲರ ಎದುರು ಹೇಳಿಸಿದ. “ಮಾವು” ಎಂದಳು ಅವ್ವ. ಜನ ಕೈಮುಗಿದರು. “ಎಡ ಕೊಟ್ಟೋಳೂ ಅವಳೇ, ಬಲ ಕೊಟ್ಟೋಳೂ ಅವಳೇ!” ಎಂದು ಮರಿಯಪ್ಪ ಕೂಗಿದ. “ನಂಬದವನ ಕೈಲೇ ಹೂ ಆಡಿಸಿ ಕಣ್ಣು ಕೊಟ್ಲು. ಇನ್ನೂ ಸಾಕ್ಷಿ ಬೇಕೇನ್ರಪ್ಪ?” ಯಾರಿಗೂ ಬೇಕಿರಲಿಲ್ಲ. ಎಡಬಲದಮ್ಮನ ಮಹಿಮೆಗೆ ಊರಿನಲ್ಲಿ ಇದ್ದ ಒಬ್ಬನೇ ವಿರೋಧಿಯಾದ ನಾನು ಅವಳ ಅತಿದೊಡ್ಡ ಸಾಕ್ಷಿಯಾದೆ. ನನ್ನ ಕೈ ಒಳ್ಳೆಯದೆಂದು ಜನ ಬೆಳಗಾದರೆ ಹೂ ಹಿಡಿದು ಬರತೊಡಗಿದರು. ನಾನು ಒಲ್ಲೆ ಎಂದಷ್ಟೂ ಅದು ವಿನಯವೆನಿಸಿ ಇನ್ನಷ್ಟು ಜನ ಬಂದರು. ಕೊನೆಗೆ ಮರಿಯಪ್ಪನೇ ದಾರಿ ಮಾಡಿದ. ಬದಲಿ ಹೂವನ್ನು ಇನ್ನುಮುಂದೆ ಹೆತ್ತವರು, ಮಕ್ಕಳೇ ಇಡಬೇಕೆಂದಿಲ್ಲ, ಯಾರು ಯಾರಿಗಾಗಿ ಬೇಕಾದರೂ ಇಡಬಹುದು ಎಂದು ಸಾರಿದ.

ಆಮೇಲಿನದನ್ನು ನೋಡಿಯೇ ನಂಬಬೇಕು. ಸಾಕಮ್ಮನ ಮೊಮ್ಮಗಳು ನರ್ಸಿಂಗ್ ಓದಬೇಕೆಂದಿದ್ದಳು, ಅವಳು ಕೇಳಿದಾಗಲೂ ಹೆತ್ತವರು ಕೇಳಿದಾಗಲೂ ಎಡ ಬಿದ್ದಿತ್ತು. ಹೂ ಮಾರುವವಳು ಅವಳಿಗಾಗಿ ಒಮ್ಮೆ ಬದಲಿ ಹೂವಿಟ್ಟು ಹೊರಗೆ ಬಂದು, “ಬಲ” ಎಂದಳು. ಹುಡುಗಿ ಹೋದಳು. ಡ್ರೈವರನಿಗಾಗಿ ಕಂಡಕ್ಟರ್ ಕೇಳತೊಡಗಿದ ಮೇಲೆ ಬಸ್ಸು ಹೊತ್ತಿಗೆ ಸರಿಯಾಗಿ ಹೊರಟಿತು. ಅರ್ಧ ಗಡ್ಡದ ಮಹನೀಯರೂ ನುಣ್ಣಗಾದರು, ಆದರೆ ಅಲ್ಲಿಂದ ಮುಂದೆ ಅವರನ್ನು ಯಾರೂ ಗುರುತು ಹಿಡಿಯಲಿಲ್ಲ. ತನಗಾಗಿ ಇಟ್ಟ ಹೂ ಮೊದಲಿನಂತೆಯೇ ಒಮ್ಮೆ ಎಡ ಒಮ್ಮೆ ಬಲ. ಇನ್ನೊಬ್ಬರಿಗಾಗಿ ಇಟ್ಟದ್ದು ಮಾತ್ರ ಬಲ, ಬರೀ ಬಲ. ಇದರ ಒಳಗುಟ್ಟು ಸ್ವಾರ್ಥತ್ಯಾಗ ಎಂದು ಮರಿಯಪ್ಪ ಮೂರು ಸಂಜೆ ಪ್ರವಚನ ಮಾಡಿದ. ನಾಲ್ಕನೆಯ ದಿನ ತನ್ನ ತಮ್ಮನಿಗಾಗಿ ತಾನೇ ಬದಲಿ ಹೂವಿಟ್ಟ. ತಮ್ಮನ ಪಾಲಿನ ತೆಂಗಿನ ತೋಟ ಅಣ್ಣನ ಹತ್ತಿರವೇ ಇರಲಿ ಎಂಬುದಕ್ಕೆ ಬಲ ಬಿತ್ತೆಂದು ಹೊರಗೆ ಬಂದು ಹೇಳಿದ. ತಮ್ಮ ಕಣ್ಣು ಮುಚ್ಚಿಕೊಂಡೇ ಕೈಮುಗಿದ.

ನಾನು ಯಾರನ್ನೂ ಏನೂ ಕೇಳಲಿಲ್ಲ. ಬದಲಿ ಹೂವಿಟ್ಟು ಹೊರಗೆ ಬರುವವರ ಮುಖವನ್ನು ಮಾತ್ರ ನೋಡುತ್ತಿದ್ದೆ. ಅವರು ‘ಬಲ’ ಎನ್ನುವಾಗ ಎದುರಿದ್ದವರ ಕಣ್ಣನ್ನು ನೋಡುತ್ತಿರಲಿಲ್ಲ, ಬಾಗಿಲ ಚೌಕಟ್ಟನ್ನು ನೋಡುತ್ತಿದ್ದರು. ಮುಷ್ಟಿ ಬಿಗಿಯಾಗಿರುತ್ತಿತ್ತು. ಪ್ರತಿಯೊಬ್ಬರೂ ತಾವೊಬ್ಬರೇ ಹಾಗೆ ಮಾಡಿದ್ದು, ಉಳಿದವರದ್ದೆಲ್ಲ ನಿಜವಾದ ಬಲ ಎಂದು ನಂಬಿದ್ದರು. ಹಾಗಾಗಿ ಭಕ್ತಿ ಕಡಿಮೆಯಾಗಲಿಲ್ಲ, ಭಯದ ಜೊತೆ ಸೇರಿ ಇಮ್ಮಡಿಯಾಯಿತು. ಅಮ್ಮ ಒಲಿದಿದ್ದಾಳೆ ಎಂದು ದೊಡ್ಡ ಕಲ್ಲಿಗೆ ಬೆಳ್ಳಿಯ ಛತ್ರಿ ಮಾಡಿಸಿದರು.

ಮುಂದಿನ ವರ್ಷ ಶಿಬಿರ ಮತ್ತೆ ಬಂತು. ಅವ್ವನ ಇನ್ನೊಂದು ಕಣ್ಣು ಬಾಕಿಯಿತ್ತು. ಅವಳು ಹೇಳದೆಯೇ ನಾನು ಕಣಗಿಲೆ ಕಿತ್ತು ತಂದೆ.

“ಕೊಡಿಲ್ಲಿ. ಇದು ಬೇರೆ ಕಣ್ಣು, ಬೇರೆ ಮಾತು. ನಾನೇ ಕೇಳ್ತೀನಿ” ಎಂದಳು ಅವ್ವ.

“ನಾನೇ ಇಡ್ತೀನಿ ಬಿಡವ್ವ. ನನ್ ಕೈ ಒಳ್ಳೇದಂತಲ್ಲ.”

“ನಿನ್ ಕೈ ನಂಗ್ ಗೊತ್ತಿಲ್ವಾ. ಕೊಡು.”

ಕೊಟ್ಟೆ. ಎಡ ಬಿದ್ದರೆ ಈ ಸಲ ಅವಳೇ ಕಣ್ಣಾರೆ ನೋಡುತ್ತಾಳೆ. ಆ ಕಣ್ಣನ್ನು ಕೊಟ್ಟವನು ನಾನೇ. ಒಂದು ಕಣ್ಣು ಸಾಕು ಬಿಡು ಎಂದು ಮೊರ ಹಿಡಿದು ಕೂರುತ್ತಾಳೆ, ಆಮೇಲೆ ಹೋದ ವರ್ಷದ್ದೂ ಅನುಮಾನಕ್ಕೆ ಬರುತ್ತದೆ. ಅವ್ವ ಕೈಕಾಲು ತೊಳೆದುಕೊಂಡು ಬಂದಳು. ಸೋಪು ಹಾಕಿ ತೊಳೆದಿದ್ದಳು, ಅದರ ವಾಸನೆ ಬರುತ್ತಿತ್ತು. ನಾನು ಅಡುಗೆಮನೆಯ ಬಾಗಿಲಲ್ಲಿ, ಅವಳ ಬೆನ್ನ ಹಿಂದೆ ನಿಂತೆ. ಅಲ್ಲಿಂದ ಕಲ್ಲು ಚೆನ್ನಾಗಿ ಕಾಣುತ್ತಿತ್ತು. ಅವಳು ಹೂವಿಟ್ಟಳು, ಕೇಳಿದಳು, ಹೂ ಬಿತ್ತು.

ಅವ್ವ ಕತ್ತು ಒಂದಿಷ್ಟು ವಾರೆ ಮಾಡಿ, ಕಾಣುವ ಕಣ್ಣಿನಿಂದ ಅದನ್ನೇ ನೋಡುತ್ತಾ ಕೂತಳು. ಕಲ್ಲಿನ ಕೆನ್ನೆಯನ್ನು ಒಮ್ಮೆ ಹೆಬ್ಬೆರಳಿನಿಂದ ಒರೆಸಿದಳು. ಆಮೇಲೆ ಹೂವನ್ನು ಎತ್ತಿ ತುರುಬಿಗೆ ಸಿಕ್ಕಿಸಿಕೊಂಡು ಎದ್ದಳು. ನನ್ನ ಕಡೆ ತಿರುಗಿ, ನನ್ನ ಮುಖ ಬಿಟ್ಟು ಬಾಗಿಲ ಚೌಕಟ್ಟನ್ನು ನೋಡುತ್ತಾ, “ಬಲಕ್ಕೆ ಬಿತ್ತು ಕಣಪ್ಪ. ಚೀಲ ತಗೋ, ಬಸ್ಸು ಈಗೀಗ ಹೊತ್ತಿಗ್ ಸರಿಯಾಗಿ ಹೊರಡ್ತದೆ” ಎಂದಳು.

ನಾನು ಚೀಲ ತೆಗೆದುಕೊಂಡು ಅವಳ ಹಿಂದೆ ಹೊರಟೆ. ಹೂ ಎಡಕ್ಕೆ ಬಿದ್ದದ್ದನ್ನು ನಾನೂ ನೋಡಿದೆ ಎಂದು ಅವ್ವನಿಗೆ ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.